ಮಾವನ ದೋಣಿಗೆ ಆಳ ನೋಡುವ ಯಂತ್ರ

ಟಿ.ಬಿ. ಡ್ಯಾಮಿನ, ಅಂದರೆ ತುಂಗಭದ್ರಾ ಜಲಾಶಯದ, ಹಿನ್ನೀರಿನಲ್ಲಿ ದೋಣಿ ನಡೆಸುವವರಿಗೆ ತಾಪತ್ರಯ ಶುರುವಾಗುವುದು ಡ್ಯಾಮು ತುಂಬಿದಾಗಲ್ಲ, ಖಾಲಿಯಾಗತೊಡಗಿದಾಗ. ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1633 ಅಡಿ. ಅಷ್ಟಿದ್ದಾಗ ನಮ್ಮ ಕೊಪ್ಪಳದ ದಂಡೆಯಿಂದ ಹೊರಟು ಯಾವ ದಿಕ್ಕಿಗೆ ತಿರುಗಿಸಿದರೂ ಅಡಿಗೆ ನೀರೇ ನೀರು. ಎಡದಂಡೆ, ಬಲದಂಡೆ ಕಾಲುವೆಗಳಿಗೆ ಬಿಡುತ್ತಾ ಬಿಡುತ್ತಾ ಬೇಸಿಗೆ ಮುಗಿಯುವಷ್ಟರಲ್ಲಿ ಮಟ್ಟ ನಲವತ್ತು ಅಡಿಗೂ ಹೆಚ್ಚು ಇಳಿದಿರುತ್ತದೆ. ನಡುವಿನ ತಿಂಗಳುಗಳಲ್ಲಿ ಮುಳುಗಿದ ಊರುಗಳ ಗೋಡೆ, ಬಾವಿಕಟ್ಟೆ, ಜಾಲಿ ಬೊಡ್ಡೆ, ಬಂಡೆ ಎಲ್ಲವೂ ನೀರಿನ ಒಂದಡಿ ಎರಡಡಿ ಕೆಳಗೆ ಬಂದು ಕೂತಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ನೀರೊಳಗೆ ತಿರುಗುವ ಮೋಟಾರಿನ ಪಂಕಕ್ಕೆ ಮಾತ್ರ ಸಿಗುತ್ತವೆ.

ನನ್ನ ಸೋದರಮಾವ ಅಲ್ಲಿ ಮೀನು ಹಿಡಿಯುವವರು. ಹದಿನಾಲ್ಕು ಅಡಿಯ ಫೈಬರ್ ದೋಣಿ, ಹಗ್ಗ ಎಳೆದು ಚಾಲೂ ಮಾಡುವ ಸಣ್ಣ ಮೋಟಾರು. ನಾನು ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡವನು. ಪಂಪ್‌ಸೆಟ್ ಸ್ಟಾರ್ಟರು, ಯುಪಿಎಸ್ ಬ್ಯಾಟರಿ ನನ್ನ ಕಸುಬು. ಒಂದು ಮಾರ್ಚಿನಲ್ಲಿ ಪಂಕದ ರೆಕ್ಕೆ ಮುರಿದು, ಅದರ ಮುಂದಿನ ವಾರವೇ ಹೊಸ ಬಲೆ ಯಾವುದೋ ಬೊಡ್ಡೆಗೆ ಸಿಕ್ಕು ಹರಿದ ಮೇಲೆ ಮಾವ ಅಂಗಡಿಗೆ ಬಂದು ಕೂತರು.

"ಅಳ್ಯಾ, ಮಲ್ಪೆ ಕಡೆ ದೋಣಿಗೆಲ್ಲಾ ಟೀವಿ ಇದ್ದಂಗ ಒಂದ್ ಡಬ್ಬಿ ಇರ್ತೈತಂತ. ನೆಲಾನೂ ತೋರಸ್ತೈತಿ, ದಾರೀನೂ ತೋರಸ್ತೈತಿ. ನಮಗೂ ಒಂದು ನೋಡಪಾ. ಇಪ್ಪತ್ತೈದ್ ಸಾವಿರದ ಮ್ಯಾಲ ಹೋಗಬ್ಯಾಡ."

ಅವರು ಹೇಳಿದ ಡಬ್ಬಿಯಲ್ಲಿ ನಿಜಕ್ಕೂ ಎರಡು ಯಂತ್ರಗಳಿವೆ. ಒಂದು ಸೌಂಡರ್: ದೋಣಿಯ ತಳದಲ್ಲಿರುವ ಟ್ರಾನ್ಸ್‌ಡ್ಯೂಸರ್ ನೀರೊಳಗೆ ಶಬ್ದದ ಮಿಡಿತ ಬಿಡುತ್ತದೆ, ಅದು ನೆಲಕ್ಕೆ ಬಡಿದು ವಾಪಸು ಬರುವ ಹೊತ್ತನ್ನು ಅಳೆದು ಆಳ ಹೇಳುತ್ತದೆ. ಸಿಹಿನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1480 ಮೀಟರ್ ಓಡುತ್ತದೆ. ಸಮುದ್ರದ ನೀರಿನಲ್ಲಿ ಅದಕ್ಕಿಂತ ನೂರಕ್ಕೆ ಎರಡು ಮೂರರಷ್ಟು ಹೆಚ್ಚು. ಆದ್ದರಿಂದ ಸೆಟ್ಟಿಂಗಿನಲ್ಲಿ 'ಸಿಹಿನೀರು' ಎಂದು ಆರಿಸದಿದ್ದರೆ ಆಳ ಅಷ್ಟು ಏರುಪೇರಾಗುತ್ತದೆ. ಇನ್ನೊಂದು ಚಾರ್ಟ್ ಪ್ಲಾಟರ್: ಜಿಪಿಎಸ್ ಹಿಡಿದು ನೀವು ಎಲ್ಲಿದ್ದೀರಿ ಎನ್ನುವುದನ್ನು ನಕಾಶೆಯ ಮೇಲೆ ತೋರಿಸುತ್ತದೆ, ಬಂದ ದಾರಿಯನ್ನು ಗೆರೆಯಾಗಿ ಉಳಿಸಿಕೊಳ್ಳುತ್ತದೆ, ಬಂಡೆ, ಬಲೆ, ದಡ ಎಂದು ಗುರುತು ಹಾಕಲು ಬಿಡುತ್ತದೆ. ಮಾವನಿಗೆ ಎರಡೂ ಬೇಕಿತ್ತು. ಬೆಳಗಿನ ನಾಲ್ಕು ಗಂಟೆಯ ಕತ್ತಲಲ್ಲಿ ಬಲೆಯ ಬೆಂಡು ಹುಡುಕುವ ಕೆಲಸ ಸೌಂಡರಿನದಲ್ಲ.

ಮೊದಲು ವಿಚಾರಿಸಿದ್ದು ಕರಾವಳಿಯ ಒಬ್ಬ ಮಾರಾಟಗಾರರನ್ನು. ಅವರು ಏಳು ಇಂಚಿನ ಪರದೆಯ, ನಕಾಶೆ ಕಾರ್ಡು ಹಾಕುವ ಪ್ಲಾಟರ್ ತೋರಿಸಿ "ಇದರಲ್ಲಿ ಇಡೀ ಇಂಡಿಯಾ ಬರುತ್ತೆ ಸಾರ್" ಎಂದರು. ವಿಡಿಯೋ ಕಾಲಿನಲ್ಲಿ ಮುನಿರಾಬಾದಿಗೆ ಎಳೆದು ತೋರಿಸಿ ಎಂದೆ. ಡ್ಯಾಮಿನ ಜಾಗದಲ್ಲಿ ನೀಲಿ ಬಣ್ಣದ ಒಂದು ಹರಕು ಆಕಾರ ಬಂತು. ಒಳಗೆ ಒಂದು ಆಳದ ಅಂಕಿ ಇಲ್ಲ, ಒಂದು ಗೆರೆ ಇಲ್ಲ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಸಮುದ್ರದ ಚಾರ್ಟುಗಳನ್ನು ಅಳೆದು ತಯಾರಿಸಲು ಡೆಹ್ರಾಡೂನಿನಲ್ಲಿ ರಾಷ್ಟ್ರೀಯ ಜಲಮಾಪನ ಕಚೇರಿ ಇದೆ. ಕಾರ್ಡುಗಳಲ್ಲಿ ಬರುವ ಆಳದ ಅಂಕಿಗಳ ಮೂಲ ಅಂಥ ಅಳತೆಗಳು. 2016ರ ಕಾಯ್ದೆಯಲ್ಲಿ ತುಂಗಭದ್ರಾ ನದಿಯ ಹೆಸರೂ ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಗೆ ಸೇರಿದೆ, ಸಂತೋಷ. ಹಾಗಂತ ಮಾವನ ಪಂಕಕ್ಕೆ ಬಡಿದ ಬಂಡೆಯನ್ನು ಯಾರೂ ಚಾರ್ಟಿಗೆ ಇಳಿಸಿಲ್ಲ.

ಇಳಿಸಿದ್ದರೂ ಆ ನಕಾಶೆ ಎಷ್ಟು ವರ್ಷ ಬಾಳುತ್ತಿತ್ತು? 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಹೂಳು ತುಂಬಿ 2016ರ ಸರ್ವೆಯಲ್ಲಿ 105.788 ಟಿಎಂಸಿಗೆ ಬಂದಿತ್ತು. ಕಳೆದುಹೋದ ಆ ಇಪ್ಪತ್ತೇಳು ಟಿಎಂಸಿಯ ಬದಲಿಗೆ ನಮ್ಮ ಜಿಲ್ಲೆಯ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟಬೇಕೆನ್ನುವ ಮಾತು ಪ್ರತಿ ಚುನಾವಣೆಯಲ್ಲೂ ಕೇಳುತ್ತೇವೆ. ದೋಣಿಯವನ ಲೆಕ್ಕದಲ್ಲಿ ಇದರ ಅರ್ಥ ಸರಳ: ನೆಲವೇ ಮೇಲೆ ಬರುತ್ತಿದೆ. ಅದರ ಮೇಲೆ ವರ್ಷವರ್ಷದ ಆಟ ಬೇರೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟು ಚೈನು ಕಡಿದು ಕೊಚ್ಚಿಹೋದಾಗ ತುಂಬಿದ್ದ ನೀರನ್ನು ಹೊರಗೆ ಬಿಡಬೇಕಾಯಿತು. ಮರುವರ್ಷ ಗೇಟುಗಳ ಚಿಂತೆಯಿಂದ 80 ಟಿಎಂಸಿಗೇ ನಿಲ್ಲಿಸಿದರು. ಹೋದ ವರ್ಷ ಈ ತಿಂಗಳು ಇಲ್ಲಿ ಇಪ್ಪತ್ತಡಿ ಇತ್ತು ಎನ್ನುವ ಜ್ಞಾಪಕಕ್ಕೆ ಇಂಥ ನೀರಿನಲ್ಲಿ ಬೆಲೆ ಇಲ್ಲ.

ಅಲ್ಲಿಗೆ ನನಗೆ ಒಂದು ಸಂಗತಿ ಖಚಿತವಾಯಿತು. ನಕಾಶೆ ಓದುವ ಯಂತ್ರಕ್ಕೆ ದುಡ್ಡು ಸುರಿಯುವುದು ದಂಡ. ನಮಗೆ ಬೇಕಾದದ್ದು ನಾವೇ ನಕಾಶೆ ಬರೆದುಕೊಳ್ಳಲು ಬಿಡುವ ಯಂತ್ರ. ಕಾರ್ಡು ಹಾಕುವ ಸೌಲಭ್ಯ ಬಿಟ್ಟರೆ ಬೆಲೆ ಅರ್ಧಕ್ಕಿಂತ ಕೆಳಗೆ ಬರುತ್ತದೆ.

ಹಾಗೆ ಸೋಸಿದಾಗ ಕೈಯಲ್ಲಿ ಉಳಿದವು ಕೆಲವೇ. ಹಮ್ಮಿನ್‌ಬರ್ಡ್ ಪಿರಾನಾಮ್ಯಾಕ್ಸ್ ಥರದ್ದು ತೀರಾ ಅಗ್ಗ, ಆದರೆ ಜಿಪಿಎಸ್ ಇಲ್ಲ. ಗಾರ್ಮಿನ್ ಸ್ಟ್ರೈಕರ್ 4ರಲ್ಲಿ ಜಿಪಿಎಸ್ ಇದೆ, ಗುರುತು ಹಾಕಬಹುದು, ಬಂದ ದಾರಿ ಹಿಡಿದು ವಾಪಸು ಹೋಗಬಹುದು. ಆದರೆ ಆಳದ ಗೆರೆಗಳ ನಕಾಶೆ ಅದು ಬರೆಯುವುದಿಲ್ಲ, ಪರದೆಯೂ ಮೂರೂವರೆ ಇಂಚು. ಅದರ ಮೇಲಿನ ಸ್ಟ್ರೈಕರ್ ವಿವಿಡ್ 4ಸಿವಿಯಲ್ಲಿ ಕ್ವಿಕ್‌ಡ್ರಾ ಎನ್ನುವ ಸೌಲಭ್ಯ ಉಂಟು: ದೋಣಿ ಓಡಿದ ಕಡೆಯೆಲ್ಲ ಆಳವನ್ನು ಸ್ಥಾನದ ಜೊತೆ ಬರೆದುಕೊಂಡು ಒಂದೊಂದು ಅಡಿಗೆ ಒಂದು ಗೆರೆಯಂತೆ ನಕಾಶೆ ಮಾಡುತ್ತದೆ. ಇಪ್ಪತ್ತು ಲಕ್ಷ ಎಕರೆಯಷ್ಟು ನೆನಪಿಟ್ಟುಕೊಳ್ಳುತ್ತದೆಂದು ಕಂಪನಿ ಹೇಳುತ್ತದೆ. ನಮ್ಮ ಡ್ಯಾಮಿನ ನೀರು ಹರಡುವುದೇ ಸುಮಾರು 378 ಚದರ ಕಿ.ಮೀ., ಲಕ್ಷ ಎಕರೆಯೂ ಆಗುವುದಿಲ್ಲ. ಹಮ್ಮಿನ್‌ಬರ್ಡ್ ಹೀಲಿಕ್ಸ್‌ನಲ್ಲಿ ಇದೇ ಕೆಲಸಕ್ಕೆ ಆಟೋಚಾರ್ಟ್ ಲೈವ್ ಇದೆ, ಒಳ್ಳೆಯ ಪರದೆಯೂ ಇದೆ, ಬೆಲೆ ಮಾತ್ರ ಮಾವನ ಗಡಿ ದಾಟಿತು.

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವ ಅಂಕಿಗಳಿಗೆ ಮರುಳಾಗಬೇಡಿ. 1600 ಅಡಿ ಆಳದ ತನಕ ನೋಡುತ್ತದೆ ಎನ್ನುತ್ತಾರೆ. ನಮ್ಮ ಅಣೆಕಟ್ಟಿನ ಎತ್ತರವೇ ಐವತ್ತು ಮೀಟರ್ ಒಳಗೆ. ನೋಡಬೇಕಾದದ್ದು ಶಬ್ದದ ಕೋನ. ಟ್ರಾನ್ಸ್‌ಡ್ಯೂಸರಿನಿಂದ ಶಬ್ದ ನೆಟ್ಟಗೆ ಕೋಲಿನ ಹಾಗೆ ಇಳಿಯುವುದಿಲ್ಲ, ಅಗಲವಾಗುತ್ತ ಹೋಗುತ್ತದೆ. 200 ಕಿಲೋಹರ್ಟ್ಸ್‌ನಲ್ಲಿ ಕೋನ ಕಿರಿದು, ಇಪ್ಪತ್ತು ಡಿಗ್ರಿ ಆಸುಪಾಸು. ಮೂವತ್ತಡಿ ನೀರಿನಲ್ಲಿ ಅದು ನೆಲದ ಮೇಲೆ ಹತ್ತಡಿ ಅಗಲದ ವೃತ್ತ ನೋಡುತ್ತದೆ. ಆವರ್ತನ ಇಳಿಸಿದಷ್ಟೂ ಕೋನ ದೊಡ್ಡದು. ನಲವತ್ತೈದು ಡಿಗ್ರಿಯಾದರೆ ಅದೇ ಮೂವತ್ತಡಿಗೆ ಇಪ್ಪತ್ತೈದಡಿ ಅಗಲ. ಅಗಲ ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು ಮಾವನೂ ಕೇಳಿದರು. ಮೀನು ಹುಡುಕಲು ಒಳ್ಳೆಯದೇ. ಬಂಡೆ ಹುಡುಕಲು ಅಲ್ಲ: ವೃತ್ತದೊಳಗೆ ಯಾವುದು ಎತ್ತರವೋ ಅದರ ಆಳವನ್ನೇ ಯಂತ್ರ ಹೇಳುತ್ತದೆ, ಅದು ಎಡಕ್ಕಿದೆಯೋ ಬಲಕ್ಕಿದೆಯೋ ಹೇಳುವುದಿಲ್ಲ. ಹಳೆಯ ಸಮುದ್ರದ ಸೌಂಡರೊಂದು ಅರ್ಧ ಬೆಲೆಗೆ ಸಿಗುತ್ತಿತ್ತು. ಅದರ 50 ಕಿಲೋಹರ್ಟ್ಸ್ ನೂರಾರು ಮೀಟರ್ ನೀರಿಗೆ ಮಾಡಿದ್ದು, ಹತ್ತು ಮೀಟರ್ ನೀರಿಗಲ್ಲ ಎಂದು ಬಿಟ್ಟೆವು.

ಜಾಲಿ ಬೊಡ್ಡೆಗಳ ಸಲುವಾಗಿ 455 ಮತ್ತು 800 ಕಿಲೋಹರ್ಟ್ಸ್‌ನ ಕೆಳನೋಟ (ದೋಣಿಯ ಅಡಿಯಲ್ಲಿರುವುದನ್ನು ಬಿಡಿಸಿ ತೋರಿಸುವ ಚಿತ್ರ) ಇರುವ ಟ್ರಾನ್ಸ್‌ಡ್ಯೂಸರೇ ಇರಲಿ ಎಂದು ಹಟ ಹಿಡಿದವನು ನಾನು. ಮಾಮೂಲಿ ಸೌಂಡರಿನಲ್ಲಿ ಗಿಡವೂ ಮೀನಿನ ಹಿಂಡೂ ಒಂದೇ ಥರ ಗುಡ್ಡೆಯಾಗಿ ಕಾಣುತ್ತವೆ. ಕೆಳನೋಟದಲ್ಲಿ ಟೊಂಗೆ ಟೊಂಗೆಯಾಗಿ ಬಿಡಿಸಿ ಕಾಣುತ್ತದೆ. ಬಲೆ ಉಳಿಸುವುದು ಅದೇ.

ಪರದೆಯ ವಿಷಯದಲ್ಲಿ ಟಚ್ ಬೇಡವೇ ಬೇಡ ಎಂದದ್ದು ಮಾವ. ಮೀನಿನ ಲೋಳೆ ಮೆತ್ತಿದ ಕೈಗೆ ಗುಂಡಿಯೇ ಸರಿ. ನಮ್ಮ ಬಿಸಿಲಿಗೆ ಪರದೆ ಮಂಕಾಗಿ ಕಾಣಬಾರದೆಂದು ಹೊಳಪು ಹೆಚ್ಚಿರುವುದನ್ನೇ ನೋಡಿದೆವು. ಮೊಬೈಲನ್ನೇ ಪರದೆ ಮಾಡಿಕೊಳ್ಳುವ ಎಸೆಯುವ ಸೋನಾರ್ ಕೂಡ ಇದೆ, ಅದೂ ಸೌಂಡರಿನಂತೆ ಶಬ್ದದಿಂದಲೇ ಆಳ ನೋಡುವಂಥದ್ದು. ಚೆಂಡಿನಷ್ಟು ಗಾತ್ರ, ದಾರ ಕಟ್ಟಿ ನೀರಿಗೆ ಬಿಟ್ಟರೆ ತನ್ನದೇ ವೈಫೈ ಮೂಲಕ ಫೋನಿಗೆ ಚಿತ್ರ ಕಳಿಸುತ್ತದೆ. ಏಪ್ರಿಲ್ ಮಧ್ಯಾಹ್ನ ಫೋನನ್ನು ಬಿಸಿಲಿಗೆ ಹಿಡಿದು ಅರ್ಧ ಗಂಟೆ ಕೂತರೆ ಅದು ಕಾದು ತಾನಾಗಿಯೇ ಮಂಕಾಗುತ್ತದೆ. ಮೋಟಾರಿನ ವೇಗಕ್ಕೆ ಆ ಚೆಂಡೂ ಕುಣಿಯುತ್ತದೆ. ಮಾವನಿಗೆ ಒಗ್ಗುವಂಥದ್ದಲ್ಲ.

ಕೊನೆಗೆ ವಿವಿಡ್ 4ಸಿವಿ ತರಿಸಿದೆವು. ಹೊರದೇಶದಿಂದ ತರಿಸಿದರೆ ಅಗ್ಗ ಎಂದು ತೋರಿಸುವ ಬೆಲೆಗೆ ಸುಂಕ ಕೂಡಿಸಿ ನೋಡಿ. ಉಳಿಯುವುದು ಅಷ್ಟಕ್ಕಷ್ಟೇ, ಕೆಟ್ಟರೆ ವಾರಂಟಿಗೆ ಅಲೆಯಬೇಕು. ಇಲ್ಲೇ ಬಿಲ್ಲು ಕೊಡುವವರ ಬಳಿ ಕೊಂಡೆ. ಪೆಟ್ಟಿಗೆಯಲ್ಲಿ ಟ್ರಾನ್ಸ್‌ಡ್ಯೂಸರ್ ಇದೆಯೇ ಎಂದು ಮೊದಲೇ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು. ಅದಿಲ್ಲದ ಪೆಟ್ಟಿಗೆಗೂ ಹೊರಗಡೆ ಅದೇ ಚಿತ್ರ ಇರುತ್ತದೆ.

ಕೂಡಿಸುವ ಕೆಲಸ ನನ್ನ ಕೈಯದು. ದೋಣಿಗೆ ತೂತು ಹೊಡೆಯಲು ಮಾವ ಒಪ್ಪಲಿಲ್ಲ. ಗಟ್ಟಿ ಫೈಬರ್ ಆದರೆ ಟ್ರಾನ್ಸ್‌ಡ್ಯೂಸರನ್ನು ಒಳಗಿನಿಂದಲೇ ಅಂಟಿಸಬಹುದು, ಶಬ್ದ ಫೈಬರನ್ನು ದಾಟಿ ಹೋಗುತ್ತದೆ. ನಡುವೆ ಫೋಮೋ ಹಲಗೆಯೋ ಇದ್ದರೆ ದಾಟುವುದಿಲ್ಲ. ಅಂಟಿಸುವ ಮುಂಚೆ ಪರೀಕ್ಷೆಗೆ ಒಂದು ಉಪಾಯ ಇದೆ. ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಟ್ರಾನ್ಸ್‌ಡ್ಯೂಸರನ್ನು ಅದರೊಳಗೆ ಮುಳುಗಿಸಿ, ದೋಣಿಯ ತಳಕ್ಕೆ ಒತ್ತಿ ಹಿಡಿದು ಆಳ ಓದಬೇಕು. ಆಮೇಲೆ ಅದನ್ನೇ ದೋಣಿಯ ಹೊರಗೆ ನೀರಿಗಿಳಿಸಿ ಓದಬೇಕು. ಎರಡೂ ಒಂದೇ ಬಂದರೆ ಅಂಟಿಸಬಹುದು. ನಮ್ಮದರಲ್ಲಿ ಒಳಗಿನಿಂದ ಗೆರೆ ತೆಳ್ಳಗೆ ಬಂತು, ಕೆಳನೋಟ ಪೂರ್ತಿ ಮಸುಕು. ಆದ್ದರಿಂದ ಹಿಂದಿನ ಹಲಗೆಗೆ ಒಂದು ಮರದ ಪಟ್ಟಿಯನ್ನು ಕ್ಲಾಂಪಿನಿಂದ ಬಿಗಿದು, ಪಂಕದಿಂದ ಒಂದೂವರೆ ಅಡಿ ದೂರಕ್ಕೆ, ತಳದ ಮಟ್ಟಕ್ಕಿಂತ ತುಸು ಕೆಳಗೆ ಟ್ರಾನ್ಸ್‌ಡ್ಯೂಸರ್ ಕೂರಿಸಿದೆ. ಪಂಕದ ಹತ್ತಿರ ಹೋದರೆ ನೊರೆಯ ಗಾಳಿಗುಳ್ಳೆಗಳು ಶಬ್ದವನ್ನು ನುಂಗುತ್ತವೆ. ದಡಕ್ಕೆ ಬಂದಾಗ ಪಟ್ಟಿಯನ್ನೇ ಬಿಚ್ಚಿ ಮನೆಗೆ ಒಯ್ಯಬಹುದು. ನಮ್ಮ ದಂಡೆಯಲ್ಲಿ ಅದೂ ಒಂದು ಲಾಭ.

ಹಗ್ಗ ಎಳೆಯುವ ಆ ಮೋಟಾರಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ವ್ಯವಸ್ಥೆ ಇಲ್ಲ. 12 ವೋಲ್ಟ್, 7 ಆಂಪಿಯರ್-ಅವರ್‌ನ ಯುಪಿಎಸ್ ಬ್ಯಾಟರಿಯೊಂದನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು, ಪಾಸಿಟಿವ್ ತಂತಿಗೆ ಫ್ಯೂಸ್ ಹಾಕಿ ಕೊಟ್ಟೆ. ಯಂತ್ರ ಎಳೆಯುವುದು ಆಂಪಿಯರಿನ ಸಣ್ಣ ಭಾಗ ಅಷ್ಟೇ, ರಾತ್ರಿಯಿಡೀ ಓಡಿದರೂ ಬ್ಯಾಟರಿ ಉಳಿದಿರುತ್ತದೆ.

ಮೊದಲ ದಿನ ಮಾವ ಯಂತ್ರದ ಜೊತೆ ತಮ್ಮ ಹಗ್ಗವನ್ನೂ ತಂದರು. ತುದಿಗೆ ಸೀಸದ ಗುಂಡು, ಮಾರಿಗೊಂದು ಬಟ್ಟೆಯ ಗಂಟು. ಯಂತ್ರದಲ್ಲಿ ಅಡಿ, ಮೀಟರು ಅಲ್ಲದೆ ಹಡಗಿನವರ ಅಳತೆಯೂ ಉಂಟು, ಆರಡಿಗೆ ಒಂದು. ಅದನ್ನು ಹಾಕಿ ಕೊಟ್ಟೆ. ಅದು ಹೆಚ್ಚುಕಡಿಮೆ ನಮ್ಮ ಮಾರು. ಬಂಡೆಯ ಮೇಲೆ ನಿಂತು ಅಳೆದರೆ ಹಗ್ಗವೂ ಯಂತ್ರವೂ ಒಂದೇ ಅಂದವು. ಹಳೆಯ ಹೊಳೆಯ ಪಾತ್ರದ ಕಡೆ ಬಂದಾಗ ಯಂತ್ರ ನಾಲ್ಕೂವರೆ ಅಂದಿತು. ಮಾವ ಗುಂಡು ಬಿಟ್ಟರು. ನಾಲ್ಕೂವರೆಗೆ ಹಗ್ಗ ಸಡಿಲಾಗಲಿಲ್ಲ, ಇನ್ನೂ ಇಳಿಯಿತು, ಐದು ದಾಟಿ ನಿಂತಿತು.

"ಸುಳ್ಳ ಹೇಳ್ತೈತೇನ್ ಅಳ್ಯಾ ಇದು?"

"ಗುಂಡು ಎತ್ರಿ ಮಾವ, ನೋಡೂಣು."

ಎತ್ತಿದರು. ಗುಂಡಿನಿಂದ ಮೇಲಕ್ಕೆ ಎರಡು ಮೊಳಕ್ಕಿಂತ ಹೆಚ್ಚು ಹಗ್ಗಕ್ಕೆ ಕರಿಯ ರಾಡಿ ಮೆತ್ತಿತ್ತು, ಬೆರಳಲ್ಲಿ ಒರೆಸಿದರೆ ಬೆಣ್ಣೆಯಷ್ಟು ನುಣುಪು. ಯಂತ್ರ ಹೂಳಿನ ಮೇಲ್ಮೈಗೆ ನಿಂತಿತ್ತು, ಗುಂಡು ಹೂಳಿನೊಳಗೆ ಹೋಗಿತ್ತು. ಮಾವ ಆಮೇಲೆ ಪರದೆ ನೋಡುವುದನ್ನು ಬೇಗ ಕಲಿತರು. ಹೂಳಿದ್ದಲ್ಲಿ ನೆಲದ ಗೆರೆ ಮಸುಕು, ಅಂಚು ಮೆತ್ತಗೆ. ಬಂಡೆಯಿದ್ದಲ್ಲಿ ಗೆರೆ ಕೆಂಪಗೆ ದಪ್ಪ, ನೀರು ತೆಳುವಾಗಿದ್ದರೆ ಎರಡರಷ್ಟು ಆಳದಲ್ಲಿ ಇನ್ನೊಂದು ಗೆರೆಯೂ ಮೂಡುತ್ತದೆ. ಶಬ್ದ ನೆಲಕ್ಕೆ ಬಡಿದು, ಮೇಲ್ಮೈಗೆ ಬಡಿದು, ಮತ್ತೆ ನೆಲಕ್ಕೆ ಹೋಗಿ ಬಂದ ಗುರುತು. ಮೀನಿನ ಚಿತ್ರ ತೋರಿಸುವ ಸೌಲಭ್ಯವನ್ನು ನಾನೇ ಬಂದ್ ಮಾಡಿದೆ. ಎಲೆ, ಗುಳ್ಳೆ, ಟೊಂಗೆ ಎಲ್ಲವನ್ನೂ ಅದು ಮೀನು ಎನ್ನುತ್ತದೆ. ಕಮಾನಿನ ಆಕಾರ ಮೂಡಿದರೆ ಕೋನದೊಳಗೆ ಏನೋ ದಾಟಿತು ಎಂದರ್ಥ, ಅಷ್ಟು ಸಾಕು. ಅದು ಕಾಟ್ಲಾನೋ ಜಿಲೇಬಿಯೋ ಬಲೆ ಎತ್ತಿದಾಗ ಗೊತ್ತಾಗುತ್ತದೆ.

ನಕಾಶೆ ಬರೆಯಲು ಹೊರಟಾಗ ನಿಜವಾದ ತಲೆನೋವು ಬಂತು: ಇವತ್ತು ಬರೆದ ಆಳ ಮುಂದಿನ ತಿಂಗಳಿಗೆ ಸುಳ್ಳಾಗುತ್ತದೆ. ಪರಿಹಾರ ದಿನಪತ್ರಿಕೆಯಲ್ಲೇ ಇತ್ತು. ಡ್ಯಾಮಿನ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು ನಮ್ಮ ಪತ್ರಿಕೆಗಳಲ್ಲಿ ದಿನಾ ಬರುತ್ತವೆ. ಆ ದಿನದ ಮಟ್ಟದಿಂದ ಯಂತ್ರ ಹೇಳಿದ ಆಳ ಕಳೆದರೆ ನೆಲದ ಮಟ್ಟ ಸಿಗುತ್ತದೆ. ಮಟ್ಟ 1622, ಆಳ 27 ಅಡಿ ಎಂದರೆ ನೆಲ 1595ರಲ್ಲಿದೆ. ಪತ್ರಿಕೆಯಲ್ಲಿ 1600 ಬಂದ ದಿನ ಅಲ್ಲಿ ಐದೇ ಅಡಿ ನೀರು, 1597 ಬಂದರೆ ಆ ಕಡೆ ತಲೆ ಹಾಕುವುದು ಬೇಡ. ಗುರುತು ಹಾಕಿದ ಪ್ರತಿ ಬಂಡೆಗೂ ಹೆಸರಿನ ಜಾಗದಲ್ಲಿ ಈ ಅಂಕಿಯನ್ನೇ ಬರೆದೆ. ಪರದೆಯ ಮೇಲೆ 1595, 1603, 1611 ಎಂದು ಕಾಣುತ್ತದೆ. ಹೆಸರಿಗಿಂತ ಇದು ಉಪಯೋಗ.

ಕ್ವಿಕ್‌ಡ್ರಾಗೂ ಇದೇ ಲೆಕ್ಕ ತಿಳಿಸಲು ಜಾಗವಿದೆ. ಬರೆಯುವಾಗಿನ ವ್ಯತ್ಯಾಸಕ್ಕೆ ಒಂದು, ತೋರಿಸುವಾಗಿನ ವ್ಯತ್ಯಾಸಕ್ಕೆ ಇನ್ನೊಂದು. ಮೊದಲ ದಿನಕ್ಕಿಂತ ನೀರು ನಾಲ್ಕಡಿ ಇಳಿದ ದಿನ ಮುಂದಿನ ಭಾಗ ಬರೆಯಲು ಹೋದರೆ ಅಳತೆಗೆ ನಾಲ್ಕು ಕೂಡಿಸಿ ಬರೆದುಕೋ ಎನ್ನಬೇಕು. ಆಗ ಎರಡು ದಿನದ ಗೆರೆಗಳು ಒಂದಕ್ಕೊಂದು ಕೂಡುತ್ತವೆ. ಓದುವಾಗ ಅದೇ ನಾಲ್ಕನ್ನು ಕಳೆದು ತೋರಿಸು ಎನ್ನಬೇಕು. ಹೊಳೆ ತುಂಬಿ ಬರುವಾಗ ಮಾತ್ರ ಈ ಕೆಲಸ ಮಾಡಬಾರದು. ಪತ್ರಿಕೆಯ ಮಟ್ಟ ಅಣೆಕಟ್ಟಿನ ಬಳಿ ಅಳೆದದ್ದು. ಒಳಹರಿವು ಜೋರಿದ್ದಾಗ ಮೇಲಿನ ತುದಿಯಲ್ಲಿ ನೀರು ಅದಕ್ಕಿಂತ ಎತ್ತರಕ್ಕೆ ನಿಂತಿರುತ್ತದೆ.

ಬರೆಯುವುದು ಬೇಸರದ ಕೆಲಸ, ಮುಚ್ಚಿಡುವುದೇಕೆ. ಹೊಲಕ್ಕೆ ಸಾಲು ಹೊಡೆದ ಹಾಗೆ ಆ ತುದಿಯಿಂದ ಈ ತುದಿಗೆ ನಿಧಾನಕ್ಕೆ ಹೋಗಿ ತಿರುಗಿ ಬರಬೇಕು. ಮಾವನಿಗೆ ಪೆಟ್ರೋಲಿನ ಚಿಂತೆ. ಇಡೀ ಹಿನ್ನೀರು ನಮಗೆ ಯಾಕೆ ಎಂದು ಅವರು ಬಲೆ ಬಿಡುವ ಎರಡು ಕಡೆ ಮತ್ತು ಅಲ್ಲಿಗೆ ಹೋಗುವ ದಾರಿಯನ್ನಷ್ಟೇ ಅಳೆದೆವು. ಉಳಿದದ್ದು ಅವರು ಓಡಾಡಿದಂತೆಲ್ಲ ತಾನೇ ತುಂಬುತ್ತಿದೆ. ಹಾಗೆ ತುಂಬುವಾಗ ಒಂದು ಕಡೆ ನೆಲ ನೆಟ್ಟಗೆ ಗೆರೆ ಎಳೆದಂತೆ ಎರಡಡಿ ಎದ್ದು ಮತ್ತೆ ಇಳಿದದ್ದು ಕಂಡಿತು. "ಅದು ಹಳೇ ಗಾಡಿ ದಾರಿ, ನಮ್ಮವ್ವ ಹೇಳ್ತಿದ್ಲು" ಎಂದರು ಮಾವ. ಇರಬಹುದು. ದಾರಿಯ ಅಂಚಿನಲ್ಲಿ ಬಲೆ ಬಿಟ್ಟರೆ ಮೀನು ಬೀಳುತ್ತದೆ ಎನ್ನುವುದು ಈಗ ಅವರ ನಂಬಿಕೆ.

ಆ ಬೇಸಿಗೆ ಪಂಕಕ್ಕೆ ಏನೂ ಬಡಿಯಲಿಲ್ಲ. ಬಲೆ ಒಮ್ಮೆ ಸಿಕ್ಕಿಕೊಂಡಿತು. ನೀರಿನ ಸೆಳವಿಗೆ ಅದು ಗುರುತಿನಿಂದ ಆಚೆ ಸರಿದಿತ್ತು. ಜಿಪಿಎಸ್ ಕೂಡ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಗುರುತಿನ ಮೇಲೇ ಹೋಗುತ್ತೇನೆ ಎಂಬ ಧೈರ್ಯ ಬೇಡ, ದೋಣಿಯ ಎರಡರಷ್ಟು ಉದ್ದ ದೂರ ಇಟ್ಟುಕೊಳ್ಳಿ ಎಂದು ಹೇಳಿಟ್ಟಿದ್ದೇನೆ.

ಈಗ ಅದೇ ದಂಡೆಯ ಇನ್ನೊಬ್ಬರು ಅಂಗಡಿಗೆ ಬಂದು "ನಿಮ್ಮ ಮಾವಗ ಕೊಡ್ಸಿದ್ದ ನನಗೂ ಕೊಡಸ್ರಿ" ಎಂದರು. ಅವರದ್ದು ಹರಗೋಲು. ಮೋಟಾರಿಲ್ಲ, ಟ್ರಾನ್ಸ್‌ಡ್ಯೂಸರ್ ಬಿಗಿಯಲು ಹಿಂದಿನ ಹಲಗೆ ಇಲ್ಲ, ಬಂಡೆ ಬಡಿದು ಮುರಿಯುವ ಪಂಕವೂ ಇಲ್ಲ, ಮೇಲಾಗಿ ಹರಗೋಲು ತನ್ನ ಸುತ್ತ ತಾನೇ ತಿರುಗುತ್ತದೆ. ಮಾವನಿಗೆ ಬೇಡವೆಂದ ಆ ದಾರ ಕಟ್ಟಿ ಬಿಡುವ ಸೋನಾರೇ ಅವರಿಗೆ ಸರಿ, ಬೆಳಗಿನ ಹೊತ್ತು ಫೋನು ಕಾಯುವುದೂ ಇಲ್ಲ ಎಂದೆ. ಬೆಲೆ ಕೇಳಿ, ಸುಗ್ಗಿಯ ಮೀನು ಮಾರಿ ಬರುತ್ತೇನೆ ಎಂದು ಹೋಗಿದ್ದಾರೆ.